ಕುರಿಮಂದೆಯ ಹಿಂದೆ ಕೋಳಿಗಾಡಿ

ಊರು ಬಿಟ್ಟದ್ದು

ಆಗ ನನಗೆ ಅರವತ್ತೆಂಟು. ಆಗಿ ಮೂರು ವರ್ಷವಾಯಿತು. ಅಲ್ಲಿಯವರೆಗೆ ನಾನು ಕೊರಟಗೆರೆ ಸೀಮೆ ದಾಟಿದ್ದು ಮದುವೆಗೆ, ತಿಥಿಗೆ, ಆಸ್ಪತ್ರೆಗೆ. ಹೋದರೆ ಸಂಜೆ ಬಸ್ಸಿಗೆ ವಾಪಸ್. ರಾಜ್ಯದ ಗಡಿ ದಾಟಿ ಬೇರೆ ಭಾಷೆಯವರ ನೆಲ ತುಳಿದದ್ದು ಅದೊಂದೇ ಸಲ, ಅದೂ ಕೋಳಿಗಳ ದೆಸೆಯಿಂದ. ಪರದೇಶ ನೋಡಿ ಬಂದವರು ಅಲ್ಲಿ ಏನು ತಿಂದೆವು, ಯಾವ ಗುಡಿ ನೋಡಿದೆವು ಎಂದು ಹೇಳುತ್ತಾರೆ. ನಾನು ನೆಲ ನೋಡಿದೆ, ಆಕಾಶ ನೋಡಿದೆ. ನೆಲದ ಮೇಲೆ ಮುಂಗುಸಿ, ಆಕಾಶದಲ್ಲಿ ಹದ್ದು. ಬೇರೆ ನೋಡಲು ಪುರುಸೊತ್ತಿರಲಿಲ್ಲ.

ಆ ವರ್ಷ ರಾಗಿ ಕುಯ್ಲು ಮುಗಿಯುವ ಹೊತ್ತಿಗೆ ನಮ್ಮ ಬೀದಿಗೆ ಕೊಕ್ಕರೆ ರೋಗ ಬಂತು. ಕೋಳಿ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಬೆಳಿಗ್ಗೆ ಕಾಳು ತಿಂದ ಕೋಳಿ ಸಂಜೆಗೆ ತೂಕಡಿಸುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಕತ್ತು ತಿರುಚಿಕೊಂಡು ಸಾಯುತ್ತದೆ. ಒಂದು ಮನೆಗೆ ಬಂದರೆ ಬೀದಿಯನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ನನ್ನವು ಊರಾಚೆ ಹೊಲದ ಗುಡಿಸಲಿನಲ್ಲಿದ್ದವು. ದನದ ಆಸ್ಪತ್ರೆಯವರು ಬಂದಾಗ ಕಣ್ಣಿಗೆ ಲಸಿಕೆಯ ಹನಿಯನ್ನೂ ಹಾಕಿಸಿದ್ದೆ. ಅದಕ್ಕೇ ಉಳಿದಿದ್ದವು. ಇಪ್ಪತ್ತು ಇಪ್ಪತ್ತೈದು ಹೇಟೆ, ಒಂದು ಕೆಂಪು ಹುಂಜ.

ಪಕ್ಕದ ಮನೆಯ ಜಯಮ್ಮ ಸತ್ತ ಕೋಳಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೂಳಲು ಹೊರಟವಳು ನನ್ನ ಹೊಲದ ಬದುವಿನಲ್ಲಿ ನಿಂತಳು.

“ಹನುಮಕ್ಕ, ನಿನ್ನವಾದ್ರೂ ಉಳುಸ್ಕಳವ್ವ. ನಾಳಿಕೆ ಒಂದೊಂದು ಕಾವು ಮರಿ ಕೊಟ್ರೆ ನಾವೂ ಗೂಡು ತುಂಬುಸ್ಕೊತೀವಿ. ಬೀದೀಲಿ ಬೀಜಕ್ಕೂ ಒಂದು ಕೋಳಿ ಉಳಿದಿಲ್ಲ ಕಣೆ.”

“ಆ ಚೀಲ ಹಿಡ್ಕಂಡು ಈಚೆ ಬರ್ಬ್ಯಾಡ. ಅಲ್ಲಿಂದ್ಲೇ ಹೋಗು” ಎಂದೆ.

ಅವಳಿಗೆ ಸಿಟ್ಟು ಬಂತು. ಬರಲಿ. ಅವಳು ಹೋದ ಮೇಲೆ ಯೋಚನೆ ಹತ್ತಿತು. ಗಾಳಿಗೆ ಪುಕ್ಕ ಹಾರಿ ಬರುತ್ತದೆ. ಕಾಗೆ ಕಚ್ಚಿಕೊಂಡು ಬರುತ್ತದೆ. ನಾಯಿ ಎಳೆದು ತರುತ್ತದೆ. ನಾನು ಎಷ್ಟು ಜನರನ್ನು ಬದುವಿನಲ್ಲಿ ನಿಲ್ಲಿಸಲಿ?

ನನ್ನ ತವರಿನವರು ಕುರಿಯವರು. ತಮ್ಮ ಬೀರಣ್ಣ ಪ್ರತಿ ವರ್ಷ ಕುಯ್ಲಾದ ಮೇಲೆ ಮಂದೆ ಹೊಡೆದುಕೊಂಡು ಪಾವಗಡದ ಕಡೆ ಹೋಗುತ್ತಾನೆ. ಬೋಳು ಹೊಲದಲ್ಲಿ ಬಲೆ ಕಟ್ಟಿ ರಾತ್ರಿ ಕುರಿ ಕೂಡುತ್ತಾನೆ, ಹಿಕ್ಕೆ ಗಂಜಲ ಹೊಲದವರಿಗೆ ಗೊಬ್ಬರ, ಅವರು ಕೊಡುವ ಕಾಳು ಇವನಿಗೆ. ಒಂದೊಂದು ರಾತ್ರಿ ಒಂದೊಂದು ಪಟ್ಟಿ. ಹೊಲ ಮುಗಿದರೆ ಮುಂದಿನ ಊರು. ನಾನೂ ಬರುತ್ತೇನೆ, ಕೋಳಿಗಳನ್ನೂ ತರುತ್ತೇನೆ ಎಂದಾಗ ಅವನು ತಲೆಯ ಮೇಲಿನ ಟವಲ್ಲು ತೆಗೆದು ಮತ್ತೆ ಸುತ್ತಿಕೊಂಡ.

“ಅಕ್ಕಾ, ಕುರಿ ಮಂದೆ ಕೇಳಿದೀನಿ, ದನದ ಮಂದೆ ಕೇಳಿದೀನಿ. ಕೋಳಿ ಮಂದೆ ನಿಲ್ಸ್ತೀನಿ ಅಂತ ಹೊಲದೋರ್ನ ಹೆಂಗೆ ಕೇಳ್ಲಿ? ನಗಲ್ವಾ?”

“ನಗ್ಲಿ ಬುಡು. ನಕ್ರೆ ರೋಗ ಬರಲ್ಲ.”

ಹಳೆಯ ಐಸ್‌ಕ್ಯಾಂಡಿ ಗಾಡಿಯ ಚಕ್ರದ ಮೇಲೆ ವೆಲ್ಡಿಂಗ್ ಅಂಗಡಿಯವನ ಕೈಲಿ ಜಾಲರಿ ಪೆಟ್ಟಿಗೆ ಮಾಡಿಸಿದೆ. ತಳಕ್ಕೆ ಬಿದಿರಿನ ದೆಬ್ಬೆ, ಹಿಕ್ಕೆ ಕೆಳಗೆ ಉದುರುವ ಹಾಗೆ. ಎಳೆಯಲು ಬೀರಣ್ಣನ ಕತ್ತೆ. ಹೊರಟೆವು. ರೋಗದಿಂದ ದೂರ ಹೋಗುತ್ತಿದ್ದೇನೋ, ರೋಗವನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೇನೋ ನನಗೇ ತಿಳಿಯದು. ಒಂದು ಕೋಳಿ ಕಣ್ಣು ಮುಚ್ಚಿದರೆ ಸಾಕು, ಕೋಲಿನಲ್ಲಿ ತಿವಿದು ಎಬ್ಬಿಸುತ್ತಿದ್ದೆ.

ಪುರವರ

ಪುರವರದ ಹತ್ತಿರ ಒಂದು ರಾಗಿ ಕೂಳೆಯಲ್ಲಿ ಮೊದಲ ಮಂದೆ. ಬೆಳಿಗ್ಗೆ ಕುರಿ ಮೇಯಲು ಹೋದ ಮೇಲೆ, ರಾತ್ರಿ ಅವು ಮಲಗಿದ್ದ ಪಟ್ಟಿಗೆ ಕೋಳಿ ಬಿಟ್ಟೆ. ಅಯ್ಯೋ, ಆ ಕೆದಕುವುದೇ! ಹಿಕ್ಕೆಯನ್ನೆಲ್ಲ ಹರಡಿದವು, ಹುಳ ಹೆಕ್ಕಿದವು, ಕುರಿ ಮೈಯಿಂದ ಉದುರಿದ, ರಕ್ತ ಕುಡಿದ ಉಣುಗುಗಳನ್ನು ಒಂದೂ ಬಿಡದೆ ನುಂಗಿದವು. ಹೊಲದವನ ಹೆಂಡತಿ ಮೊದಲು, “ಹೊಲ ಗುಂಡಿ ಬಿದ್ದೋಗ್ತದೆ, ಕಟ್ಟಾಕಮ್ಮೋ” ಎಂದು ಕೂಗಾಡಿದಳು. ಮಧ್ಯಾಹ್ನದ ಹೊತ್ತಿಗೆ, “ಆ ಮೂಲೇಗೂ ಒಸಿ ಬುಡು” ಎಂದಳು.

ಕಷ್ಟವೆಲ್ಲ ಬಯಲಿನದು. ನಮ್ಮ ಕಡೆ ತೆಂಗಿನ ಗರಿ ರಾಶಿ ಇರುತ್ತದೆ, ಬೇಲಿ ಇರುತ್ತದೆ. ಹುಂಜ ಒಂದು ಸದ್ದು ಮಾಡಿದರೆ ಹೇಟೆಗಳು ನುಸುಳಿಬಿಡುತ್ತವೆ. ನೆಲದ ಶತ್ರುವಿಗೆ ಹುಂಜ ಕೊಕ್ಕೊಕ್ಕೋ ಎಂದು ಕಚ್ಚೆ ಕಟ್ಟಿದವನ ಹಾಗೆ ಕೂಗುತ್ತದೆ. ಆಕಾಶದ ಶತ್ರುವಿಗೆ ಉದ್ದಕ್ಕೆ ಒಂದೇ ಸಲ ಎಳೆಯುತ್ತದೆ. ಇಲ್ಲಿ ಅದು ಎಳೆದರೆ ಹೇಟೆಗಳು ಎಲ್ಲಿಗೆ ಓಡಬೇಕು? ನಾಲ್ಕು ಕೋಲು ನೆಟ್ಟು ನನ್ನ ಹಳೆ ಸೀರೆಯನ್ನು ಮೇಲೆ ಕಟ್ಟಿದೆ, ಅದೇ ಅವಕ್ಕೆ ಚಪ್ಪರ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಬೈಕು ನಿಲ್ಲಿಸಿ, “ಅಜ್ಜಿ, ಎರಡು ಟೀ” ಎಂದರು. ಅವರ ಮೇಲೆ ಕೋಲೆತ್ತಿದೆ. ಕೋಳಿಗಳು ಗಾಬರಿಯಾಗಿ ಚಪ್ಪರದಡಿಯಿಂದ ಆಚೆಗೆ ಓಡಿದವು. ನನ್ನ ಸಿಟ್ಟಿನಿಂದ ನನಗೇ ಕೆಲಸ.

ಒಂದು ಕಟ್ಟಳೆ ಮಾತ್ರ ಬೀರಣ್ಣನಿಗೂ ಅವನ ಹೆಂಡತಿ ಮಾರಕ್ಕನಿಗೂ ಅಲ್ಲೇ ಹೇಳಿದೆ. ಕುರಿ ಕುರುಬನ ಹಿಂದೆ ಬರುತ್ತದೆ, ಅವನು ಎಲ್ಲಿ ನಿಂತರೆ ಅದೇ ಅದರ ಮನೆ. ಕೋಳಿ ಹಾಗಲ್ಲ. ಬೆಳಿಗ್ಗೆ ಯಾವ ಜಾಗದಲ್ಲಿ ಗೂಡಿನಿಂದ ಇಳಿಯಿತೋ ಸಂಜೆ ಅದೇ ಜಾಗಕ್ಕೆ ಬರುತ್ತದೆ. ಗೂಡನ್ನು ಹತ್ತು ಮಾರು ಆಚೆ ಸರಿಸಿದ್ದರೂ, ಕಣ್ಣೆದುರೇ ಕಾಣುತ್ತಿದ್ದರೂ, ಹಳೇ ಜಾಗದಲ್ಲಿ ನಿಂತು ಪೆದ್ದರ ಹಾಗೆ ನೋಡುತ್ತದೆ. ಆದ್ದರಿಂದ ಗಾಡಿ ಕದಲಿಸುವುದಾದರೆ ಬೆಳಕು ಹರಿಯುವ ಮುಂಚೆ, ಕೋಳಿ ಒಳಗಿರುವಾಗ.

“ಆಯ್ತು ಬುಡಕ್ಕ, ನಿನ್ ಕೋಳಿ ಸಂವಿಧಾನ” ಎಂದ ಬೀರಣ್ಣ.

ಸಿರಾ ರಸ್ತೆ

ಮಧುಗಿರಿ ದಾಟಿ ಸಿರಾ ರಸ್ತೆಯ ಪಕ್ಕ ಒಂದು ಹೊಲ ಸಿಕ್ಕಿತು. ಎರಡನೇ ದಿನ ಬೈಕಿನ ಹಿಂದೆ ಖಾಲಿ ಕ್ರೇಟುಗಳನ್ನು ಕಟ್ಟಿಕೊಂಡು ಒಬ್ಬ ಬಂದ. ಸಿರಾದ ಬಾಷಾ, ಊರೂರು ತಿರುಗಿ ನಾಟಿ ಕೋಳಿ ಕೊಂಡು ಅಂಗಡಿಗೆ ಹಾಕುವವನು. ನನ್ನ ಗಾಡಿ ನೋಡಿ ಇಳಿದೇಬಿಟ್ಟ.

“ಅಲ್ಲೇ ನಿಂತ್ಕೋ!” ಎಂದು ಕಿರುಚಿದೆ.

“ಅರೇ ಅಮ್ಮಾ, ನಾನು ಕಳ್ಳ ಅಲ್ಲ.”

“ಕಳ್ಳ ಆಗಿದ್ರೆ ವಾಸಿ ಇತ್ತು, ಒಂದೆರಡು ಹೋಗೋವು. ನಿನ್ ಕ್ರೇಟ್ನಾಗೆ ರೋಗ ಐತೆ.”

ಅವನು ರಸ್ತೆಯ ಆಚೆ ಬದಿಯಲ್ಲಿ ನಿಂತ, ನಾನು ಹೊಲದ ಈಚೆ ಬದಿಯಲ್ಲಿ. ಲಾರಿ ಬಂದಾಗ ಇಬ್ಬರೂ ಬಾಯಿ ಮುಚ್ಚುವುದು, ಹೋದ ಮೇಲೆ ಮತ್ತೆ ಕೂಗುವುದು. ಹಾಗೇ ಮಾತಾಯಿತು.

“ಸಚ್ ಅಮ್ಮಾ, ನೀನ್ ಹೇಳಿದ್ದು ಸರಿ. ನಿಮ್ ಕೊರಟಗೆರೆ ಕಡೆ ಪೂರಾ ಖಾಲಿ. ಹಳ್ಳಿಗಳಲ್ಲಿ ಕೋಳಿ ಕೂಗೋದೇ ನಿಂತೋಯ್ತು.”

“ಈ ಕಡೆ?”

“ಈ ಕಡೆ ಇನ್ನೂ ಇಲ್ಲ. ಆದ್ರೆ ಒಂದು ಮಾತು ಹೇಳ್ತೀನಿ, ನಾರಾಜ್ ಆಗ್ಬೇಡ. ರಸ್ತೆ ಬಾಜೂಕೆ ಇರ್ಬೇಡ. ಗಾಡೀಲಿ ಸತ್ತೋಗಿರೋದನ್ನ ನಮ್ಮೋರು ಇಲ್ಲೇ ಎಸ್ದು ಹೋಗ್ತಾರೆ.”

“ನೀನೂ ಎಸೀತೀಯಾ?”

ಅವನು ಕ್ರೇಟಿನ ಹಗ್ಗ ಬಿಗಿದು ಬೈಕು ಹತ್ತಿದ. ಸುಳ್ಳಾಡಲಿಲ್ಲವಲ್ಲ, ಅಷ್ಟು ಸಾಕು. ಅವನು ನಿಂತಿದ್ದ ಕಡೆಗೆಲ್ಲ ಸುಣ್ಣ ಚೆಲ್ಲಿ ಬಂದೆ. ಮಾರನೆ ದಿನ ಹೊಲ ಮುಗಿದಿರಲಿಲ್ಲ, ಆದರೂ ತಮ್ಮನನ್ನು ಕಾಡಿ ಅಲ್ಲಿಂದ ಎಬ್ಬಿಸಿದೆ.

ಮಿಡಿಗೇಶಿ

ಮಿಡಿಗೇಶಿ ಬೆಟ್ಟದ ಕೆಳಗೆ ಬೂದಿಬಣ್ಣದ ಹೇಟೆಯೊಂದು ಸೀನಿತು. ಕೋಳಿ ಸೀನುವುದನ್ನು ನೀವು ಕೇಳಿರಲಿಕ್ಕಿಲ್ಲ. ಮಗು ಸೀನಿದ ಹಾಗೇ ಇರುತ್ತದೆ. ಓಡಿಹೋಗಿ ಆ ಹೇಟೆಯ ಮೇಲೆ ಸೆರಗು ಹಾಕಿದೆ. ಅದನ್ನು ಹಿಡಿದು ದೂರ ಒಯ್ದು ಮಂಕರಿ ಮುಚ್ಚಿದೆ. ಕುಡುಗೋಲನ್ನು ಪಕ್ಕದಲ್ಲಿಟ್ಟುಕೊಂಡು ಕೂತೆ. ರೋಗವೇ ಆದರೆ ಕುಯ್ದು ಹೂತುಬಿಡಬೇಕು. ಆದರೆ ಅದರ ಜೊತೆ ರಾತ್ರಿಯೆಲ್ಲ ಒಂದೇ ಪೆಟ್ಟಿಗೆಯಲ್ಲಿ ಮಲಗಿದ್ದವು ಉಳಿದವೂ. ಎಷ್ಟನ್ನು ಕುಯ್ಯಲಿ?

ಬೀರಣ್ಣನಿಗೆ ಬೇರೆಯೇ ಚಿಂತೆ. “ಅಕ್ಕಾ, ಬೆಟ್ಟದ ಮ್ಯಾಲೆ ಚಿರತೆ ಐತಂತೆ. ಮೊನ್ನೆ ಒಂದು ಮ್ಯಾಕೆ ಎತ್ಕಂಡೋತಂತೆ.”

“ಬಂದ್ರೆ ಬರ್ಲಿ. ಅಷ್ಟೊಂದು ಕುರಿ ಬುಟ್ಟು ಕೋಳಿಗ್ಯಾಕೆ ಬತ್ತದೆ?”

“ನೋಡು, ನೋಡು! ಒಡಹುಟ್ಟಿದೋಳ ಬಾಯಲ್ಲಿ ಬರೋ ಮಾತಾ ಇದು?”

ಮಧ್ಯಾಹ್ನ ಹೇಟೆಯನ್ನು ತೊಡೆಸಂದಿಯಲ್ಲಿ ಅದುಮಿ ಹಿಡಿದು, ಕೊಕ್ಕು ಬಿಚ್ಚಿ ಬಿಸಿಲಿಗೆ ತಿರುಗಿಸಿ ನೋಡಿದೆ. ಮೂಗಿನ ಹೊಳ್ಳೆಯಲ್ಲಿ ಹುಲ್ಲಿನ ಮುಳ್ಳು. ಬೆಟ್ಟದ ಬುಡದ ತುಂಬ ಆ ಹಾಳು ಹುಲ್ಲೇ. ಉಗುರಿನಿಂದ ಎಳೆದೆ, ಬಂತು. ಒಂದು ಸಲ ಜೋರಾಗಿ ಸೀನಿ, ನನ್ನ ಕೈಗೆ ಕುಕ್ಕಿ ಓಡಿಹೋಯಿತು. ಆದರೂ ನಂಬಿಕೆ ಬರಲಿಲ್ಲ. ಆ ಬೆಟ್ಟ ಕಣ್ಣಿಗೆ ಮರೆಯಾಗುವವರೆಗೂ ಅದನ್ನು ಮಂಕರಿಯಲ್ಲೇ ಬೇರೆ ಹೊತ್ತೆ.

ಗಡಿಯಾಚೆ

ಮಿಡಿಗೇಶಿ ಕಡೆಯಿಂದ ಪಾವಗಡಕ್ಕೆ ಹೋಗುವವರು ನಡುವೆ ಆಂಧ್ರದ ನೆಲ ತುಳಿಯಬೇಕು. ಬಸ್ಸಿನವರಿಗೆ ಗೊತ್ತೇ ಆಗುವುದಿಲ್ಲ, ಒಂದು ನಿದ್ದೆಯಲ್ಲಿ ದಾಟಿಬಿಡುತ್ತಾರೆ. ಕುರಿ ಮೇಯಿಸಿಕೊಂಡು ನಡೆಯುವವರಿಗೆ ಅದು ಬೇರೆ ದೇಶವೇ. ಬೋರ್ಡಿನ ಅಕ್ಷರ ತಿರುಗಿ ಕೂರುತ್ತದೆ. ನನಗೆ ಕನ್ನಡದ ಬೋರ್ಡೇ ಕೂಡಿಸಿ ಕೂಡಿಸಿ ಓದಬೇಕು, ಆದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ.

ನಮ್ಮ ಕಡೆ ನೀರು ಕೊಟ್ಟು ಆಮೇಲೆ ಊರು ಕೇಳುತ್ತಾರೆ. ಅಲ್ಲಿ ಊರು, ಕುಲ, ಮಕ್ಕಳೆಷ್ಟು ಎಲ್ಲ ಕೇಳಿ ಆಮೇಲೆ ನೀರು ಕೊಡುತ್ತಾರೆ. ಆದರೆ ನೀರಿನ ಜೊತೆ ಬೆಲ್ಲವನ್ನೂ ಕೊಡುತ್ತಾರೆ. ಬೋರಿನ ಹತ್ತಿರ ಬಿಂದಿಗೆ ಹಿಡಿದಿದ್ದ ಒಬ್ಬಳು ಗಾಡಿಯನ್ನು ಸುತ್ತಿ ಬಂದು, “ಏಮ್ಮಾ, ಕೋಳ್ಳಕಿ ಊರ್ಲು ಚೂಪಿಚ್ಚೇದಾನಿಕಿ ತೀಸ್ಕಪೋತಾಂಡಾವಾ?” ಎಂದಳು. ಕೋಳಿಗಳಿಗೆ ಊರು ತೋರಿಸಲು ಕರೆದುಕೊಂಡು ಹೊರಟಿದ್ದೀಯಾ ಎಂದು. ಹೌದು ಎಂದೆ. ಎಲ್ಲರೂ ನಕ್ಕರು.

ನಗದೇ ಇದ್ದವರು ಇಬ್ಬರು ಗಂಡಸರು. ಅವರ ಕಣ್ಣು ನನ್ನ ಹುಂಜದ ಕಾಲಿನ ಮೇಲೆ. ಆ ಕಡೆ ಹುಂಜದ ಕಾಳಗದ ಹುಚ್ಚು ಬಹಳ. ಒಬ್ಬ ಜಾಲರಿಯೊಳಗೆ ಬೆರಳು ಹಾಕಿ ಅದರ ತೊಡೆ ಮುಟ್ಟಿ ನೋಡಿದ. “ಮಂಚಿ ಕೋಡಿ. ಇಸ್ತಾವಾ?” ಒಳ್ಳೇ ಹುಂಜ, ಕೊಡುತ್ತೀಯಾ ಎಂದು.

“ಇಲ್ಲ” ಎಂದೆ.

“ಎಂತೈನಾ ಇಸ್ತಾಂ.”

“ಎಷ್ಟು ಕೊಟ್ರೂ ಇಲ್ಲ. ಇದೊಂದೇ ಗಂಡು. ಇದು ಹೋದ್ರೆ ಮೊಟ್ಟೆ ಎಲ್ಲ ಬರೀ ಸಾರಿಗೆ.”

ಅವರಿಗೆ ಎಷ್ಟು ತಿಳಿಯಿತೋ. ಆದರೆ ಸಂಜೆಯವರೆಗೂ ಹೊಲದ ಬದುವಿನ ಮೇಲೆ ಬೀಡಿ ಸೇದುತ್ತ ಕೂತಿದ್ದರು. ಆ ರಾತ್ರಿ ಹುಂಜವನ್ನು ಮಂಕರಿಯಲ್ಲಿ ಹಾಕಿ, ಮಂಕರಿಯ ಮೇಲೆ ತಲೆ ಇಟ್ಟು ಮಲಗಿದೆ. ಬೆಳಗಿನ ಜಾವ ಅದು ನನ್ನ ಕಿವಿಯ ಕೆಳಗೇ ಕೂಗಿತು. ಎರಡು ದಿನ ಆ ಕಿವಿ ಗುಂಯ್‌ಗುಟ್ಟಿತು.

ಪಾವಗಡ

ಪಾವಗಡದ ಸೀಮೆಗೆ ಕಾಲಿಟ್ಟ ದಿನ ದೂರದಲ್ಲಿ ಏನೋ ನೀಲಿಯಾಗಿ ಹೊಳೆಯಿತು. “ಎಷ್ಟು ದೊಡ್ಡ ಕೆರೆಯೋ, ತುಂಬ್ಕಂಡೈತೆ” ಎಂದೆ. ಬೀರಣ್ಣ ನಕ್ಕು ನಕ್ಕು ಕೂತುಬಿಟ್ಟ. ಕೆರೆಯಲ್ಲ, ಸೋಲಾರ್ ಹಲಗೆಗಳು. ಬಿಸಿಲಿನಿಂದ ಕರೆಂಟು ತೆಗೆಯುತ್ತಾರಂತೆ. ಇರಲಿ, ಬಿಸಿಲು ಅಲ್ಲಿ ಧಾರಾಳವಾಗಿದೆ.

ನಾವು ಮಂದೆ ಹಾಕಿದ್ದು ಒಂದು ಹಟ್ಟಿಯ ಪಕ್ಕದ ಕಡಲೆಕಾಯಿ ಹೊಲದಲ್ಲಿ. ಹೊಲದ ಯಜಮಾನ ಕಾಟಯ್ಯ, ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಹಟ್ಟಿಯವರೂ ಕುರಿ ಸಾಕುವವರೇ. ಮುಳ್ಳುಬೇಲಿಯ ಒಳಗೆ ಮನೆಗಳು, ಬಾಗಿಲ ಹತ್ತಿರವೇ ಕುರಿ ಕೂಡುವ ರೊಪ್ಪ. ಅವರ ಕುರಿ ದೂರದ ಗೋಮಾಳದಲ್ಲಿ ಮೇದು ರಾತ್ರಿ ರೊಪ್ಪಕ್ಕೇ ಬರಬೇಕು, ಹೊಲದಲ್ಲಿ ನಿಲ್ಲಿಸುವ ಪದ್ಧತಿ ಅವರದ್ದಲ್ಲ. ಅದಕ್ಕೇ ಬೀರಣ್ಣನನ್ನು ಕರೆಸುತ್ತಾರೆ.

ಕಾಟಯ್ಯ ನನ್ನ ಗಾಡಿ ನೋಡಿದವನೇ ನಾಲ್ಕು ಹೆಜ್ಜೆ ಹಿಂದೆ ಸರಿದ.

“ಬೀರಣ್ಣ, ಇದೇನಪ್ಪ ತಂದಿದೀಯಾ?”

“ನಮ್ಮಕ್ಕನವು ಕಣಣ್ಣ.”

“ಅಮ್ಮಯ್ಯ, ಬೇಜಾರ್ ಮಾಡ್ಕಬ್ಯಾಡ. ನಾವು ಕೋಳಿ ಸಾಕಲ್ಲ, ತಿನ್ನಲ್ಲ, ಮುಟ್ಟಲ್ಲ. ಹಟ್ಟಿ ಒಳಿಕೆ ಬುಟ್ಕಳಂಗಿಲ್ಲ. ನಮ್ಮ ದ್ಯಾವ್ರ ಕಟ್ಟು. ಹೊಲ ದ್ಯಾವ್ರದಲ್ಲ, ಹೊಲ್ದಾಗೆ ಎಷ್ಟಾರ ಮೇಯ್ಲಿ. ಬೇಲಿ ಮಾತ್ರ ದಾಟ್ಬಾರ್ದು.”

“ದಾಟಲ್ಲ” ಎಂದೆ. ಕೋಳಿಯ ಪರವಾಗಿ ಮಾತು ಕೊಡುವುದು ಸುಲಭದ ಕೆಲಸವೆಂದು ಅನ್ನಿಸಿತ್ತು.

ಎರಡು ದಿನ ಚೆನ್ನಾಗಿಯೇ ನಡೆಯಿತು. ಮಣ್ಣಿನಲ್ಲಿ ಉಳಿದ ಕಡಲೆಕಾಯಿ ತಿಂದು ಹೇಟೆಗಳ ಜುಟ್ಟು ಕೆಂಪಾಯಿತು. ಕಾಟಯ್ಯನ ಅಕ್ಕ ಸಿರಿಯಮ್ಮ, ಹಲ್ಲಿಲ್ಲದ ಮುದುಕಿ, ಬೇಲಿಯ ಒಳಗೆ ನಿಂತು ನೋಡುತ್ತಿದ್ದಳು. “ಇವು ಸುಮ್ನೆ ಇರಾದೇ ಇಲ್ವಾ? ಏನೋ ಕಳ್ಕಂಡಿರೋರಂಗೆ ಕೆದುಕ್ತವಲ್ಲ” ಎನ್ನುತ್ತಿದ್ದಳು.

ಆ ಸಂಜೆ

ಮೂರನೇ ದಿನ ನಾನು ಪಾವಗಡ ಪೇಟೆಗೆ ಹೋದೆ. ಒಂದು ಹೇಟೆಯ ಕಾಲಿಗೆ ಗಾಯವಾಗಿತ್ತು, ಮುಲಾಮು ಬೇಕಿತ್ತು. ಬರುವಾಗ ಬಸ್ಸು ತಡವಾಯಿತು. ಕಿಟಕಿಯಿಂದ ನೋಡುತ್ತಿದ್ದೆ. ಸೂರ್ಯ ಇಳಿಯುತ್ತಿದ್ದಾನೆ, ಬಸ್ಸು ನಿಲ್ಲಿಸಿ ನಿಲ್ಲಿಸಿ ಜನ ಹತ್ತಿಸಿಕೊಳ್ಳುತ್ತಿದೆ. ಕೋಳಿ ಗೂಡಿಗೆ ಬರುವ ಹೊತ್ತಿನಲ್ಲಿ ನಾನು ಗೂಡಿನ ಹತ್ತಿರ ಇಲ್ಲದಿದ್ದದ್ದು ಊರು ಬಿಟ್ಟ ಮೇಲೆ ಅದೇ ಮೊದಲು.

ಹೊಲಕ್ಕೆ ಬಂದು ನೋಡಿದರೆ ಗಾಡಿ ಇಟ್ಟ ಜಾಗದಲ್ಲಿಲ್ಲ. ಬಲೆಯೂ ಇಲ್ಲ. ಎರಡೂ ಆಚೆ ಹೊಲದ ಕೊನೆಯಲ್ಲಿ. ಗಾಡಿಯ ಬಾಗಿಲು ತೆರೆದಿದೆ, ಒಳಗೆ ಒಂದೂ ಇಲ್ಲ. ಮಾರಕ್ಕ ಕಾಳು ಹಿಡಿದುಕೊಂಡು ಬಾ ಬಾ ಎಂದು ಬಯಲನ್ನು ಕರೆಯುತ್ತಿದ್ದಾಳೆ.

“ಟ್ರ್ಯಾಕ್ಟರ್ ಬತ್ತದೆ, ಈ ಪಟ್ಟಿ ಖಾಲಿ ಮಾಡಿ ಅಂದ್ರು ಅಕ್ಕಯ್ಯ. ಬಲೆ ಕಿತ್ವಿ. ನೀನ್ ಬಂದು ಗಾಡಿ ಎಳ್ಯೋದ್ ಬ್ಯಾಡ ಅಂತ ನಾನೇ ಎಳ್ಕಂಡ್ ಬಂದೆ.”

ಕುರಿಯವರಿಗೆ ಇದು ತಪ್ಪೇ ಅಲ್ಲ. ಹಗಲು ಬಲೆ ಕೀಳುತ್ತಾರೆ, ಹೊಸ ಜಾಗದಲ್ಲಿ ಕಟ್ಟುತ್ತಾರೆ, ಸಂಜೆ ಕುರಿ ಅಲ್ಲಿಗೇ ಬರುತ್ತದೆ. ಹುಟ್ಟಿದಾಗಿನಿಂದ ಅವಳು ಮಾಡಿದ್ದು ಅದನ್ನೇ. ಇದು ನನಗೆ ಗೊತ್ತಿತ್ತು. ಆದರೂ ಬೈದೆ. ಬೈಯಬಾರದಿತ್ತು ಎಂದು ಇವತ್ತಿಗೂ ಅನ್ನಿಸಿಲ್ಲ.

ಹಳೇ ಜಾಗಕ್ಕೆ ಓಡಿದೆ. ಹಿಕ್ಕೆ ಇತ್ತು, ಹೊಸದು. ಬಂದು ನಿಂತಿದ್ದವು. ಪುಕ್ಕ ಚೆಲ್ಲಿರಲಿಲ್ಲ, ಹಾಗಾದರೆ ನರಿ ಅಲ್ಲ. ಆ ಹೊಲದ ಅಂಚಿನಲ್ಲಿ ದಿನವೂ ನರಿ ಊಳಿಡುತ್ತಿದ್ದವು. ಕತ್ತಲಾದರೆ ಒಂದನ್ನೂ ಬಿಡುವುದಿಲ್ಲ. ಜಯಮ್ಮನ ಚೀಲ ಕಣ್ಣೆದುರು ಬಂತು. ಅಷ್ಟು ದೂರದಿಂದ ಕಾಪಾಡಿ ತಂದು ಇಲ್ಲಿ ನರಿಗೆ ಹಾಕಿದೆನಾ?

ಆಗ ಹುಂಜ ಕೂಗಿತು. ಹಟ್ಟಿಯ ಒಳಗಿನಿಂದ.

ಏನಾಗಿತ್ತೆಂದರೆ, ಕೋಳಿಗಳು ಹಳೇ ಜಾಗಕ್ಕೆ ಬಂದಿವೆ. ಗಾಡಿ ಇಲ್ಲ. ಊರು ಬಿಟ್ಟಾಗಿನಿಂದ ಗಾಡಿಯ ಪಕ್ಕದಲ್ಲೇ ಕುರಿ ಮಲಗುವುದನ್ನು ಕಂಡವು ಅವು. ಹಟ್ಟಿಯ ಕುರಿ ಮೇದು ಅದೇ ದಾರಿಯಲ್ಲಿ ವಾಪಸ್ ಬಂದಿದೆ. ಇವು ಅದರ ಕಾಲಸಂದಿಯಲ್ಲಿ ಸೇರಿಕೊಂಡು, ಬೇಲಿ ದಾಟಿ, ನೇರ ರೊಪ್ಪಕ್ಕೆ ಹೋಗಿವೆ.

ಬಾಗಿಲಲ್ಲಿ ಹಟ್ಟಿಯ ಜನವೆಲ್ಲ ನಿಂತಿತ್ತು. ನಾನು ಹೋದೊಡನೆ ದಾರಿ ಬಿಟ್ಟರು. ಮರ್ಯಾದೆಗಲ್ಲ, ನನ್ನ ಸೀರೆ ತಾಗದಿರಲಿ ಎಂದು. ರೊಪ್ಪದ ಮುಳ್ಳುಗೋಡೆಯ ಮೇಲೆ ಹೇಟೆಗಳು ಸಾಲಾಗಿ ಕೂತಿದ್ದವು. ಕೆಲವು ಮಲಗಿದ ಕುರಿಗಳ ಬೆನ್ನಿನ ಮೇಲೆ.

“ನಾನು ಹೋಗಿ ಹಿಡ್ಕಂಡ್ ಬತ್ತೀನಿ. ಮಬ್ಬಾದ್ರೆ ಅವು ಕೈಗೆ ಸಿಗ್ತವೆ” ಎಂದೆ.

“ಆಗಲ್ಲ” ಎಂದ ಕಾಟಯ್ಯ. “ಕುರಿ ಒಳಗಿದ್ದಾಗ ಕೋಳಿ ಮುಟ್ಟಿದೋರು ರೊಪ್ಪಕ್ಕೆ ಕಾಲಿಡಂಗಿಲ್ಲ.”

“ಅಂಗಾದ್ರೆ ನೀವೇ ಹಿಡ್ಕೊಡಿ.”

“ನಾವು ಮುಟ್ಟಂಗಿಲ್ಲ.”

ಒಬ್ಬ ಹರೆಯದವನು ಕಲ್ಲೆತ್ತಿಕೊಂಡ. “ಹೊಡುದ್ರೆ ಹಾರೋಗ್ತವೆ ಬುಡು ದೊಡ್ಡಪ್ಪ. ಬೆಳಗಾಗೋಗಂಟ ಇವು ಒಳಗಿರಂಗಿಲ್ವಲ್ಲ!”

ಹಾರಿದರೆ ಕತ್ತಲಿಗೆ ಹಾರುತ್ತವೆ. ಕತ್ತಲಲ್ಲಿ ಕೋಳಿಗೆ ಕಣ್ಣಿಲ್ಲ, ನರಿಗೆ ಇದೆ. ಆ ಹುಡುಗನ ಕಡೆ ನುಗ್ಗಿದೆ. ಬೀರಣ್ಣ ನನ್ನ ರಟ್ಟೆ ಹಿಡಿದುಕೊಂಡ.

ಸಿರಿಯಮ್ಮ ಆ ಹುಡುಗನ ಕೈಗೆ ಕೋಲಿನಿಂದ ಒಂದು ಕೊಟ್ಟಳು. “ಕಲ್ಲು ಬುಡ್ಲಾ ಮುಂಡೇದೆ! ಏಟು ಬಿದ್ರೆ ರಕ್ತ ಸುರೀತದೆ. ಕೋಳಿ ರಕ್ತ ರೊಪ್ಪದಾಗೆ ಬಿದ್ರೆ ಯಾವ ನೀರು ಹಾಕಿ ತೊಳೀತೀಯಾ?” ಆಮೇಲೆ ತಮ್ಮನ ಕಡೆ ತಿರುಗಿದಳು. “ಲೇ ಕಾಟ, ಕುರಿ ಒಳಗಿದ್ರೆ ತಾನೇ ಆಕಿ ಬರಂಗಿಲ್ಲ? ಕುರೀನೇ ಆಚಿಕೆ ಹೊಡಿ.”

“ಈ ಹೊತ್ನಾಗಾ? ಎಳೇ ಮರಿ ಅವೆ ಕಣಕ್ಕ. ನರಿ ಕಾಯ್ತಾ ಕುಂತವೆ.”

“ನೀವಿಷ್ಟು ಜನ ಗಂಡಸ್ರು ಏನು ಕಡ್ಲೆಕಾಯಿ ಸುಲೀತೀರಾ? ನಿಂತ್ಕಂಡು ಕಾಯ್ರಿ.”

ಕಾಟಯ್ಯ ಆಕಾಶ ನೋಡಿದ, ನನ್ನನ್ನು ನೋಡಿದ. ತನ್ನ ಮರಿಗಳೋ ನನ್ನ ಕೋಳಿಗಳೋ ಎಂದು ತೂಗುತ್ತಿದ್ದಾನೆಂದು ನನಗೆ ತಿಳಿಯಿತು. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ. ಅವನು ರೊಪ್ಪದ ಬಾಗಿಲಿನ ಮುಳ್ಳು ಸರಿಸಿ, ಹುರ್ರ್ ಎಂದ.

ಕುರಿ ಎದ್ದವು. ಒಂದೊಂದಾಗಿ ಆಚೆ ಬಂದವು. ಮೂರನೆಯದರ ಬೆನ್ನಿನ ಮೇಲೆ ನನ್ನ ಬೂದಿ ಹೇಟೆ, ಕುದುರೆ ಸವಾರನ ಹಾಗೆ ಎದೆ ಸೆಟೆಸಿಕೊಂಡು ಕೂತಿತ್ತು. ಯಾರೋ ಪುಸಕ್ಕನೆ ನಕ್ಕರು. ಆಮೇಲೆ ಹಟ್ಟಿಯೆಲ್ಲ ನಕ್ಕಿತು, ಕಾಟಯ್ಯನ ಹೊರತು. ನಾನು ಬೇಲಿಯ ಆಚೆ ನಿಂತು ಬೆನ್ನಿನ ಮೇಲಿದ್ದವನ್ನು ಎತ್ತಿ ಎತ್ತಿ ಬೀರಣ್ಣನಿಗೆ ಕೊಟ್ಟೆ. ರೊಪ್ಪ ಬರಿದಾದ ಮೇಲೆ ಒಳಗೆ ಹೋಗಿ ಗೋಡೆಯ ಮೇಲಿದ್ದವನ್ನು ಇಳಿಸಿದೆ. ಮುಳ್ಳು ಗೀರಿ ಮೊಣಕೈಯವರೆಗೂ ಉರಿ. ಎಲ್ಲ ಸಿಕ್ಕಿದವು, ಒಂದರ ಹೊರತು. ಬಾಗಿಲ ನುಗ್ಗಾಟದಲ್ಲಿ ಅದು ಕುರಿ ಕಾಲಿಗೆ ಸಿಕ್ಕಿ ಸತ್ತಿತ್ತು. ಎಲ್ಲಕ್ಕಿಂತ ಚೆನ್ನಾಗಿ ಕಾವು ಕೂರುತ್ತಿದ್ದದ್ದು ಅದೇ. ರಕ್ತ ಬಿದ್ದಿರಲಿಲ್ಲ, ಅಷ್ಟೇ ಪುಣ್ಯ. ಸೆರಗಿನಲ್ಲಿ ಸುತ್ತಿ ಆಚೆ ತಂದೆ.

ರೊಪ್ಪ ತೊಳೆಯದೆ ಕುರಿ ಮತ್ತೆ ಒಳಗೆ ಹೋಗುವಂತಿರಲಿಲ್ಲ. ಹಟ್ಟಿಯ ಗಂಡಸರು ಕಂಬಳಿ ಹೊದ್ದು ಬಯಲಿನಲ್ಲಿ ಕುರಿಯ ಸುತ್ತ ಕೂತರು. ಬೀರಣ್ಣ ತನ್ನ ಬಲೆ ಬಿಚ್ಚಿ ಅವರ ಕುರಿಗೆ ಕಟ್ಟಿದ. ನಮ್ಮ ಕುರಿಯನ್ನು ಮಾರಕ್ಕನೂ ನಾಯಿಯೂ ಕಾದರು. ನರಿ ಬಂದವು, ಹೋದವು. ಒಂದು ಮರಿಯೂ ಹೋಗಲಿಲ್ಲ. ಹೋಗಿದ್ದರೆ ನಾನು ಆ ಹಟ್ಟಿಯವರಿಗೆ ಮುಖ ತೋರಿಸುವುದು ಹೇಗಿತ್ತು?

ಕೋಳಿಗಳು ಊರು ಮುಟ್ಟಿದವೇ ಎಂದು ಕೇಳುವವರು ನಮ್ಮ ಬೀದಿಗೆ ಬಂದು ನೋಡಬಹುದು. ಈಗ ಎಲ್ಲರ ಮನೆಯ ಮುಂದೂ ಕೆದಕುತ್ತಿವೆ. ಜಯಮ್ಮನವು ನನ್ನ ಸೊಪ್ಪಿನ ಮಡಿಯನ್ನೂ ಬಿಡುವುದಿಲ್ಲ.

ಮಾರನೆ ಬೆಳಿಗ್ಗೆ

ಬೆಳಕು ಹರಿಯುವ ಮುಂಚೆ ಬೋರಿನ ಹತ್ತಿರ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಹಟ್ಟಿಯ ಬಾಗಿಲಿಗೆ ಹೋದೆ.

“ಪುಕ್ಕ, ಹಿಕ್ಕೆ ನಾವು ಮುಟ್ಟಂಗಿಲ್ಲ. ನೀನೇ ಆರುಸ್ಬೇಕು” ಎಂದ ಕಾಟಯ್ಯ. ರಾತ್ರಿ ನಿದ್ದೆಗೆಟ್ಟು ಅವನ ಕಣ್ಣು ಕೆಂಪಾಗಿದ್ದವು.

ಬಗ್ಗಿ ಆರಿಸಿದೆ. ಪುಕ್ಕ ಸುಲಭ. ಕುರಿಹಿಕ್ಕೆಯ ನಡುವೆ ಕೋಳಿಹಿಕ್ಕೆ ಹುಡುಕುವುದು ಕಷ್ಟ, ಸೊಂಟ ಬಿದ್ದುಹೋಯಿತು. ಮರಿ ಕೂಡುವ ಮೂಲೆಯಲ್ಲಿ ಒಂದು ಮೊಟ್ಟೆ. ಸಿರಿಯಮ್ಮ ಗೋಡೆಯ ಮೇಲಿಂದ ಇಣುಕಿದಳು.

“ಅಂಗ್ಡೀಲಿ ಬೆಳ್ಳಗಿರ್ತವೆ. ಇದ್ಯಾಕೆ ಮಣ್ಣಿನ ಬಣ್ಣ? ಇಷ್ಟೇ ಸಣ್ದಾ? ಇದ್ಕೇ ನೀನು ಊರೂರು ತಿರುಗ್ತೀಯಾ?”

“ಇದ್ಕೇ” ಎಂದೆ.

ಎಲ್ಲವನ್ನೂ ಮಂಕರಿಗೆ ತುಂಬಿ ಹೊಲದಲ್ಲಿ ಹೂತು, ಮತ್ತೆ ಕೈಕಾಲು ತೊಳೆದು, ಬೋರಿನಿಂದ ನೀರು ಹೊತ್ತೆ. ಬೇಲಿಯ ಈಚೆ ಬಿಂದಿಗೆ ಇಳಿಸುವುದು, ಒಳಗಿನ ಹೆಂಗಸರು ತಮ್ಮ ಕೊಡಕ್ಕೆ ಸುರಿದುಕೊಂಡು ರೊಪ್ಪ ತೊಳೆಯುವುದು. ಸಾಕು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಜಲ ಚಿಮುಕಿಸಿದ ಮೇಲೆ ಕಾಟಯ್ಯ ಕುರಿಯನ್ನು ಒಂದು ಸಲ ಒಳಗೆ ಹೊಡೆದು, ಮತ್ತೆ ಮೇಯಲು ಬಿಟ್ಟ.

ಗಾಡಿಯಲ್ಲಿ ಕೋಳಿಗಳು ಬೆಳಗಿನಿಂದ ಗಲಾಟೆ. ನನಗೆ ಬಾಗಿಲು ತೆಗೆಯಲು ಧೈರ್ಯ ಬರಲೊಲ್ಲದು. ಕಾಟಯ್ಯ ದೂರದಲ್ಲಿ ನಿಂತು, “ಎಷ್ಟೊತ್ತು ಅಂತ ಕೂಡಾಕ್ತೀಯಾ, ಬುಡಮ್ಮಯ್ಯ. ಹೊಟ್ಟೆಗೆ ಬ್ಯಾಡ್ವಾ ಅವಕ್ಕೆ?” ಎಂದು ಕುರಿಯ ಹಿಂದೆ ಹೊರಟುಹೋದ.

ಗಾಡಿಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟೆ. ಬಾಗಿಲು ತೆಗೆದೆ. ಹುಂಜ ಮೊದಲು ಹಾರಿತು, ಹಿಂದೆಯೇ ಹೇಟೆಗಳು. ನಾನು ಹೋಗಿ ಹಟ್ಟಿಯ ಬಾಗಿಲಿಗೆ ಬೆನ್ನು ಕೊಟ್ಟು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತೆ.